ಕೀಲಿ ಬಿದ್ದ ಮಾತು

"ಇನ್ನೊಂದೀಟು ನೆಟ್ಟಗ ಕೂಡಸ್ರಿ. ನಮ್ಮಣ್ಣ ಎಂದೂ ಹಿಂಗ ವಾಲಿ ಕೂತಾಂವಲ್ಲ," ಎಂದು ಕಾಶವ್ವ ಅಳುತ್ತಲೇ ಹುಕುಂ ಮಾಡಿದಳು.

ಸ್ನೇಹಲ್ ಮಾವನ ಬೆನ್ನಿಗೆ ಇನ್ನೊಂದು ದಿಂಬು ಒತ್ತಿದಳು. ಗಂಡ ಬಸವಲಿಂಗ ತಂದೆಯ ಎದೆಗೆ ಸುತ್ತಿದ್ದ ಧೋತರದ ತುದಿಯನ್ನು ಕಿಟಕಿಯ ಸರಳಿಗೆ ಬಿಗಿದ. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಅಂಗೈಯಲ್ಲಿ ಲಿಂಗ. ಬಂದವರನ್ನು ತಾವೇ ಮಾತಾಡಿಸಿ ಕಳಿಸೋಣ ಎಂಬಂತೆ ರಾಮಲಿಂಗಪ್ಪನವರು ಪಡಸಾಲೆಯ ನಡುವೆ ಕೂತರು.

ಬಂದವರ ಬಾಯಲ್ಲೆಲ್ಲ ಲಕ್ಷ್ಮೀ ರೋಡಿನ ಸೀರೆ ಅಂಗಡಿಯೇ. "ಗಿರಾಕಿ ಇಪ್ಪತ್ತು ಸೀರಿ ಬಿಚ್ಚಿಸಿ ಒಂದೂ ಒಯ್ಯದ ಹೋದ್ರೂ, ಬರ್ರಿ ಮತ್ತ ಅಂತಿದ್ದ ಮನಶಾ," ಎಂದ ಒಬ್ಬ. "ಅಪ್ಪಾಸಾಹೇಬ ಬಿಚ್ಚಾಂವ, ಇವ ಮಡಚಾಂವ. ಎತ್ತಿನ ಜೋಡಿ ಇದ್ದಂಗ ಇದ್ರು," ಎಂದ ಇನ್ನೊಬ್ಬ.

ಆ ಜೋಡಿಯ ಇನ್ನೊಂದೆತ್ತು ಆಗಲೇ ಬಾಗಿಲಲ್ಲಿ ಬಂದು ನಿಂತಿತ್ತು. ಬಾರಾಮತಿಯಿಂದ ಬೆಳಗಿನ ಬಸ್ಸಿಗೆ ಹೊರಟು ಬಂದ ಅಪ್ಪಾಸಾಹೇಬರು ಟೊಪ್ಪಿಗೆ ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೇ ನಿಂತಿದ್ದರು.

"ಒಳಗ ಬರ್ರೀ ಅಣ್ಣಾ. ಇಂಥಾ ಹೊತ್ತಿನ್ಯಾಗೂ ಬೀಗರಂಗ ಕರಸ್ಕೋತೀರೇನು?" ಎಂದಳು ಕಾಶವ್ವ.

"ಇಲ್ಲೇ ಚಲೋ ಅದೀನಿ ತಂಗಿ. ಮಾರಿ ನೋಡಿದೆ, ಸಾಕು. ಇನ್ನ ಹೊಂಡತೀನಿ."

"ಅಯ್ಯ! ಮಣ್ಣು ಕೊಡದನ?"

"ಮಾತು ಬಿಟ್ಟಾಂವ ಅವ. ಮಾತು ಬಿಟ್ಟಾಂವಗ ಯಾವ ಕೈಲಿ ಮಣ್ಣು ಕೊಡ್ಲಿ?"

ಪಕ್ಕದ ಮನೆಯಿಂದ ಬಂದ ಚಹಾದ ತಟ್ಟೆಯನ್ನು ಸ್ನೇಹಲ್ ಹಂಚದೆ ಅಲ್ಲೇ ಕೆಳಗಿಟ್ಟಳು.

"ದಿನಾ ಫೇಸ್‌ಬುಕ್ಕಿನ್ಯಾಗ ಏನರ ಬರೀತಿದ್ದ," ಅಪ್ಪಾಸಾಹೇಬರು ಯಾರಿಗೆಂದಿಲ್ಲದೆ ಹೇಳಿದರು. "ನನಗ ಬರಿಯಾಕ ಬರಂಗಿಲ್ಲ, ಕಾಲೆಳಿಯಾಕ ಬರತದ. ಕೆಳಗ ಕಾಮೆಂಟ್ ಹಾಕಿ ಎಳೀತಿದ್ದೆ. ಹ್ವಾದ ವರ್ಷ ಒಮ್ಮೆಲೇ ಬಂದ್. ನಂದ್ಯಾವ ಮಾತು ನಟ್ಟಿತೋ ಏನೋ, ನನ್ನ ಹೊರಗ ಹಾಕ್ಯಾನ ಅಂದ್ಕೊಂಡೆ."

"ಫೋನ್ ಹಚ್ಚಬೇಕಿಲ್ರಿ?" ಎಂದಳು ಕಾಶವ್ವ.

"ಕಿವುಡಗ ಏನ್ ಫೋನ್ ಹಚ್ಚತಿ? ಒಂದು ಮೆಸೇಜ್ ಹಾಕಬಹುದಿತ್ತು, ಖರೆ. ನಾ ಯಾಕ ಮೊದಲ ಕೇಳ್ಲಿ ಅಂತ ಕೂತೆ." ಅವರು ಟೊಪ್ಪಿಗೆಯನ್ನು ಕೊಡವಿದರು, ಅದರ ಮೇಲೆ ಧೂಳೇನೂ ಇರಲಿಲ್ಲ.

*

ಕಿವಿಗೆ ಬಾಯಿ ಹಚ್ಚಿ ಕೂಗಿದರಷ್ಟೇ ಕೇಳುವ ಹಾಗಾದಮೇಲೆ ರಾಮಲಿಂಗಪ್ಪನವರಿಗೆ ಫೋನೇ ಬಾಯಿ, ಫೋನೇ ಕಟ್ಟೆ. ಯಾರಾದರೂ ಕಾಮೆಂಟ್ ಹಾಕಿದರೆ ತಮಗೆ ಗೊತ್ತಾಗಲೆಂದು ಅದರ ಸದ್ದನ್ನು ಪೂರಾ ಏರಿಸಿಟ್ಟಿದ್ದರು. ಅವರೊಬ್ಬರನ್ನು ಬಿಟ್ಟು ಇಡೀ ಮನೆಗೆ ಅದು ಕೇಳುತ್ತಿತ್ತು. ಮನೆಯಿಂದಲೇ ಕೆಲಸ ಮಾಡುವ ದಿನ ಸ್ನೇಹಲ್ ಮೀಟಿಂಗಿನ ನಡುವೆ ಹಲ್ಲು ಕಚ್ಚುತ್ತಿದ್ದಳು.

ಅಂಥದರಲ್ಲಿ ಯಾರೋ ಅವರ ಫೋಟೋ ಎತ್ತಿ, ಅವರದೇ ಹೆಸರಲ್ಲಿ ಇನ್ನೊಂದು ಖಾತೆ ತೆರೆದು, ಹೌಸಿಂಗ್ ಸೊಸೈಟಿಯ ಹೆಂಗಸರಿಗೆ ಹೊಲಸು ಹೊಲಸಾಗಿ ಬರೆದರು. ಕೆಳಗಿನ ಮನೆಯಾಕೆ ಬಾಗಿಲಿಗೆ ಬಂದು ಮರಾಠಿಯಲ್ಲಿ ಹರಿಹಾಯ್ದಳು. ಒಂದಕ್ಷರವೂ ಕೇಳದ ಮಾವ ನಗುನಗುತ್ತ ಕುರ್ಚಿ ತೋರಿಸಿ, "ಬಸಾ, ಬಸಾ" ಎಂದು ಕೂರಲು ಉಪಚಾರ ಮಾಡಿದರು. ಸ್ನೇಹಲ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಬೆಳಿಗ್ಗೆ, ಹಿಂಜವಾಡಿಯ ತನ್ನ ಕಂಪನಿಯ ಬಸ್ಸು ಬರುವಷ್ಟರಲ್ಲಿ, ಅವಳು ಮಾವನ ಫೋನಿನಲ್ಲಿ ಫೇಸ್‌ಬುಕ್ಕಿನ ಸೆಟ್ಟಿಂಗ್ ತೆರೆದು ಕೂತಳು. ಬರೆದದ್ದನ್ನು ಯಾರು ನೋಡಬಹುದು? ನಾನು ಮಾತ್ರ. ಕಾಮೆಂಟ್ ಬಂದರೆ ತಿಳಿಸಬೇಕೆ? ಬೇಡ. ರವಿವಾರ ಕೂತು ಸರಿಯಾಗಿ ಮಾಡೋಣ ಎಂದುಕೊಂಡಳು. ಮನೆ ಶಾಂತವಾಯಿತು. ರವಿವಾರ ಬಂದು ಹೋಯಿತು.

ಮಳೆಗಾಲ ಹಿಡಿದಾಗ ಒಂದು ಮುಂಜಾನೆ ಮಾವ ಫೋನನ್ನು ಅವಳ ಮುಂದೆ ಚಾಚಿದರು.

"ಯವ್ವಾ, ಇದು ಹೋಗತದೇನು ನೋಡು. ಯಾರೂ ಏನೂ ಅನವಲ್ಲರು."

ಬರಹದ ತಲೆಯ ಮೇಲೆ, ಬೀಗ ಜಡಿದ ಹಾಗೆ, ಪುಟ್ಟ ಕೀಲಿಯ ಚಿತ್ರ. ಅದರ ಕೆಳಗಿನದಕ್ಕೂ ಕೀಲಿ. ಮೇಲೆ ಕೆಳಗೆ ಸರಿಸಿದಳು, ಎಲ್ಲದಕ್ಕೂ ಕೀಲಿ. ಇಷ್ಟು ದಿನ ನೀವು ಗೋಡೆಗೆ ಮಾತಾಡಿದಿರಿ ಎಂದು ಯಾವ ಬಾಯಿಂದ ಹೇಳುವುದು? ಕೆಳಗೆ ಬಸ್ಸಿನ ಹಾರ್ನು.

"ಹೋಗತದ್ರಿ ಮಾವಾರ," ಎಂದು ಅವರ ಕಿವಿಯ ಹತ್ತಿರ ಕೂಗಿದಳು. "ಮಂದಿ ಬಿಝಿ ಇರತಾರ!"

"ಹೌದವಾ. ಪಾಪ, ಅವರಿಗೂ ಸಂಸಾರ ಅದಾವ," ಎಂದು ಮಾವ ಫೋನು ತಿರುಗಿ ತಗೊಂಡರು.

ಆಮೇಲೆ ಅದನ್ನು ಹೇಳುವುದು ದಿನದಿಂದ ದಿನಕ್ಕೆ ಭಾರವಾಗುತ್ತ ಹೋಯಿತು.

*

ಅಪ್ಪಾಸಾಹೇಬರು ಚಪ್ಪಲಿ ಮೆಟ್ಟಿ ಒಂದು ಮೆಟ್ಟಿಲು ಇಳಿದಿದ್ದರು.

"ಕಾಕಾ, ನಿಂದರ್ರಿ."

ಸ್ನೇಹಲ್ ಮಾವನ ಫೋನು ತೆರೆದು ಅವರ ಮುಂದೆ ಹಿಡಿದಳು. "ಮಾವಾರು ಬರಿಯೂದು ಬಿಟ್ಟಿಲ್ರಿ. ಕೀಲಿ ಹಾಕಿದಾಕಿ ನಾನು. ಅವರಿಗೆ ಗೊತ್ತಿದ್ದಿಲ್ಲ. ನನ್ನ ತಪ್ಪು ನನಗ ಗೊತ್ತಾದಮ್ಯಾಲೂ ನಾ ಹೇಳಲಿಲ್ಲ."

ಅಪ್ಪಾಸಾಹೇಬರು ಕನ್ನಡಕ ಏರಿಸಿ, ಬೆರಳಿನಿಂದ ಸರಿಸುತ್ತ ಓದತೊಡಗಿದರು.

*ಮಂಡೈ ಬಾಜಾರದಾಗ ಹಸರುಪಟ್ಟಿ ಬದನಿಕಾಯಿ ಸಿಕ್ಕಾವ. ಎಣಗಾಯಿ ಮಾಡಿಸೀನಿ. ಕೆಲವರ ಹಣೇಬರದಾಗ ಇಂಥಾದ್ದಿಲ್ಲ.*

*ನಮ್ಮ ಅಂಗಡಿಗೆ ಹೋಗಿದ್ದೆ. ಈಗಿನ ಹುಡುಗರು ಇಳಕಲ್ ಸೀರಿ ಹಾಸಿಗಿ ಸುತ್ತಿದಂಗ ಸುತ್ತತಾರ. ಬಿಚ್ಚಾವರಿಗೂ ಬುದ್ಧಿ ಇಲ್ಲ. ಮೊದಲೂ ಇದ್ದಿಲ್ಲ.*

*ಬಾರಾಮತಿ ಮಂದಿಗೆ ಕಬ್ಬು ತಿಂದು ತಿಂದು ಬಾಯಿ ಅಂಟಿದಂಗ ಕಾಣತದ.*

ಅಪ್ಪಾಸಾಹೇಬರ ಮೀಸೆ ಅದುರಿತು. ನಗೆಯೋ ಅಳುವೋ ತಿಳಿಯಲಿಲ್ಲ. ಕೊನೆಯ ಬರಹ ಹೋದ ವಾರದ್ದು. ಅದರಲ್ಲಿ ಇದ್ದದ್ದು ಅವರಿಗೇ ಬರೆದ ಎರಡೇ ಮಾತು.

*ಅಪ್ಪಾ, ಸಿಟ್ಟೇನೋ?*

 ಅವರು ತಲೆ ಎತ್ತಿ ಸ್ನೇಹಲ್‌ಳನ್ನೇ ನೋಡಿದರು. ದನಿ ಏರಿಸಲಿಲ್ಲ.

"ಅವನ ಕಿವಿ ದೇವರು ಕಸಗೊಂಡಿದ್ದ. ಬಾಯಿ ನೀ ಕಸಗೊಂಡೆಲ್ಲ, ತಂಗಿ."

 

ಅಷ್ಟರಲ್ಲಿ ಕೆಳಗಿನಿಂದ ಭಜನೆಯ ತಾಳ ಕೇಳಿಸಿತು. ಹೂವಿನ ವಿಮಾನ ಹೊರುವ ನಾಲ್ವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೇಲೆ ಬಂದರು. "ಹೊತ್ತಾತ್ರಿ, ಎತ್ತೂಣು," ಎಂದು ಬಸವಲಿಂಗ ಕಿಟಕಿಯ ಗಂಟಿಗೆ ಕೈ ಹಾಕಿದ.

"ಥಾಂಬೋ," ಎಂದು ಅಪ್ಪಾಸಾಹೇಬರು ಅವನನ್ನು ತಡೆದರು. ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಗೆಳೆಯನ ಮುಂದೆ ಮಂಡಿಯೂರಿದರು. ಒಂದು ಕೈಯನ್ನು ಗೋಡೆಗೆ ಊರಿ, ಇನ್ನೊಂದನ್ನು ಬಾಯಿಗೆ ಅಡ್ಡ ಹಿಡಿದು, ಆ ತಣ್ಣನೆಯ ಕಿವಿಗೆ ಬಾಯಿ ಹಚ್ಚಿ, ಕೆಳಗಿನ ತಾಳ ಕೂಡ ನಿಲ್ಲುವ ಹಾಗೆ ಕೂಗಿದರು:

"ಇಲ್ಲೋ! ಸಿಟ್ಟಿಲ್ಲೋ ರಾಮ್ಯಾ!"

 ಅಪ್ಪಾಸಾಹೇಬರು ಹಾಗೇ ಬಾಗಿದ್ದರು, ಮೀಸೆಗೆಲ್ಲ ವಿಭೂತಿ ಮೆತ್ತಿಕೊಂಡು, ಇನ್ನೇನೋ ಉತ್ತರ ಬರುವುದಿದೆ ಎಂಬಂತೆ ಈಗ ತಮ್ಮ ಕಿವಿಯನ್ನು ಗೆಳೆಯನ ಬಾಯಿಯ ಹತ್ತಿರ ಒಯ್ದು.