ಒಂದೇ ಖಾನೆಯ ಇಬ್ಬರು

ಮುಂಬಯಿಯ ಫೋರ್ಟಿನಲ್ಲಿದ್ದ ಗಿರಣಿ ಆಫೀಸಿನಲ್ಲಿ ಕಾರ್ಡು ವಿಂಗಡಿಸುವ ಮಷಿನ್ ನಡೆಸುವವಳು ಶೀಲಾವತಿ. ಆಳಿಗೊಂದು ಕಾರ್ಡು, ಕಾರ್ಡಿನಲ್ಲಿ ಅವನ ಸೇವೆಯ ವರ್ಷಕ್ಕೊಂದು ತೂತು. ಆ ಹಾಳು ಮಷಿನ್ ಹೆಸರು ಓದುವುದಿಲ್ಲ, ತೂತು ನೋಡಿ ಖಾನೆಗೆ ತಳ್ಳುತ್ತದೆ. ಸೇವೆ ಸಮನಾಗಿದ್ದವರು ಒಂದೇ ಖಾನೆಗೆ, ಅದೂ ಕೊಟ್ಟ ಸರದಿಯಲ್ಲೇ, ಮೊದಲು ಕೊಟ್ಟವರು ಮೇಲೆ ಬರುವಂತೆ ಬೀಳುತ್ತಾರೆ.

ಅವತ್ತು ಕೆಲಸದಿಂದ ತೆಗೆಯುವವರ ಆಯ್ಕೆ. ಸೇವೆ ಕಡಿಮೆ ಇದ್ದವರು ಮೇಲೆ ಬರಬೇಕು, ಮೇಲಿನಿಂದ ತೆಗೆಯಬೇಕು. ಎಣಿಸಿ ನೋಡಿದಳು. ಕತ್ತರಿ ಮೂರು ವರ್ಷದವರ ನಡುವೆಯೇ ಬೀಳುತ್ತಿತ್ತು; ಅವರಲ್ಲಿ ಒಬ್ಬ ಹೋಗಬೇಕು, ಒಬ್ಬ ಉಳಿಯಬೇಕು. ಅಲ್ಲಿದ್ದವರು ಇಬ್ಬರೇ: ಅವಳ ಅಣ್ಣ ಶೆಟ್ಟೆಪ್ಪ, ಅವನ ಗೆಳೆಯ ಧರ್ಮಣ್ಣ. ವಿಜಾಪುರದಿಂದ ಜೊತೆಗೆ ಬಂದು ಒಂದೇ ದಿನ ಗಿರಣಿ ಸೇರಿದವರು; ಆಂಟಾಪ್ ಹಿಲ್‌ನ ಚಾಳಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಅಣ್ಣನ ಹೆಂಡತಿಗೆ ಕ್ಷಯ. ಕೆಲಸ ಹೋದರೆ ಗಿರಣಿಯ ದವಾಖಾನೆಯೂ ಹೋದಂತೆಯೇ.

ಅಯ್ಯೋ, ಧರ್ಮಣ್ಣನ ಮನೆಯ ರೊಟ್ಟಿ ತಿಂದು ಬೆಳೆದವಳು ಅವಳು! ಆದರೂ ಕರುಳು ಯಾರ ಮಾತು ಕೇಳೀತು? ಮುಂದಿದ್ದ ಅಣ್ಣನ ಕಾರ್ಡನ್ನು ಧರ್ಮಣ್ಣನದರ ಹಿಂದಕ್ಕೆ ಸರಿಸಿ ಮಷಿನ್‌ಗೆ ಕೊಟ್ಟಳು.

ಖಾನೆಗಳು ತುಂಬಿದ ಮೇಲೆ ಆಫೀಸಿನ ಮೇಲಧಿಕಾರಿ ಬಸವಂತರಾಯ ಸಾಹೇಬರು ಬಂದರು. "ಹಿಂಗಲ್ಲವ್ವಾ. ಹಳಬರು ಮ್ಯಾಲ ಇರ್ಲಿ ಅಂದಾರ ಮಾಲಕರು. ಕೆಳಗಿನಿಂದ ತಗಿಯೂಣು," ಎಂದವರೇ ಹೆಚ್ಚು ವರ್ಷದವರ ಖಾನೆಯಿಂದ ಶುರುಮಾಡಿ ಒಂದೊಂದೇ ಕಟ್ಟನ್ನು ಎತ್ತಿ ಒಂದರ ಕೆಳಗೊಂದು ಇಟ್ಟರು. ಖಾನೆಗಳ ಸರದಿ ತಿರುಗಿತು, ಖಾನೆಯೊಳಗಿನದು ತಿರುಗಲಿಲ್ಲ. ಧರ್ಮಣ್ಣ ಮೇಲೆ, ಶೆಟ್ಟೆಪ್ಪ ಕೆಳಗೆ. ಕೆಳಗಿನಿಂದ ಎಣಿಸುತ್ತ ಬಂದ ಸಾಹೇಬರು ಶೆಟ್ಟೆಪ್ಪನ ಕಾರ್ಡನ್ನು ಕೊನೆಯದಾಗಿ ಎಳೆದು ನಿಲ್ಲಿಸಿದರು. ಮುಟ್ಟದೆ ಬಿಟ್ಟಿದ್ದರೆ ಅಣ್ಣ ಉಳಿಯುತ್ತಿದ್ದ.

"ಸರ್, ಇವ್ರಿಬ್ರೂ ಒಂದ ದಿನಾ ಸೇರಿದವ್ರು..."

"ಒಬ್ಬಾಂವ ಹೋಗಬೇಕಲ್ಲ? ಮಷಿನ್ ಹಾಕಿದಂಗ ಆಗ್ಲಿ. ಅದಕ ನಂಟರಿಲ್ಲ, ಇಷ್ಟರಿಲ್ಲ."

ನಾನೇ ಬದಲಿಸಿದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಮನೆಗೆ ಉಳಿದಿದ್ದ ಒಂದು ಪಗಾರವೂ ಹೋಗುತ್ತಿತ್ತು.

ಸಂಜೆ ಚಾಳಿಗೆ ಬಂದಾಗ ಅಣ್ಣನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಒಳಗೆ ಅತ್ತಿಗೆ ಕೆಮ್ಮುತ್ತಿದ್ದಳು. ಶೀಲಾವತಿ ಬಾಗಿಲಲ್ಲೇ ಕೂತು ಅಳತೊಡಗಿದಳು.

"ಅಳಬ್ಯಾಡ ತಂಗೆವ್ವ," ಎಂದ ಶೆಟ್ಟೆಪ್ಪ ತಲೆ ಸವರುತ್ತ. "ಧರ್ಮಣ್ಣಂದರ ನೌಕರಿ ಉಳೀತಲ್ಲ. ನೀ ಅಲ್ಲೇ ಇದ್ದಿ, ನನ್ನ ಸಲುವಾಗಿ ನಿನ್ನ ಕೈಲಾದಷ್ಟು ಮಾಡಿರ್ತಿ. ನನಗ ಗೊತ್ತೈತಿ."