ಬಾದಲ್‌ನ ಕರೆದವಳು

"ಸರಳಾ, ನನ್ನ ಧ್ವನಿ ಗುರ್ತು ಸಿಕ್ತಾ ಮಾರಾಯ್ತಿ?" ಅಂತ ಫೋನಲ್ಲಿ ಪ್ರಫುಲ್ಲಾ ಕೇಳಿದಾಗ ಸರಳಾ ದಿಲ್ಲಿ ಕಿದ್ವಾಯಿ ನಗರದ ಕ್ವಾರ್ಟರ್ಸ್ ಕೆಳಗೆ ತರಕಾರಿ ಭಯ್ಯಾ ಹತ್ರ ಕೊತ್ತಂಬರಿಗೆ ಜಗಳ ಆಡ್ತಾ ನಿಂತಿದ್ಳು. ಮೂವತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಫೋನ್ ಮಾಡಿದವಳಲ್ಲ ಪ್ರಫುಲ್ಲಾ. ಧ್ವನಿ ಗುರ್ತಂತೆ. ಪ್ರಫುಲ್ಲಾ ಧ್ವನಿ ಅಂತ ಇಡೀ ದಿಲ್ಲಿ ಕೇಳಿದ್ದೇ ಸರಳಾದು.

ವಿಷ್ಯ ಏನಂದ್ರೆ, ಇಬ್ರೂ ಏಳನೇ ಕ್ಲಾಸಲ್ಲಿದ್ದಾಗ ಟೀವಿಗೆ ಅಂತಾನೇ ಮಕ್ಕಳದೊಂದು ಹಿಂದಿ ಸಿನಿಮಾ ಮಾಡಿದ್ರು. ಟಾಂಗಾವಾಲನ ಮಗಳು, ಅವಳ ಕುದುರೆ ಬಾದಲ್. ಅಪ್ಪ ಕುದುರೆ ಮಾರಿಬಿಡ್ತಾನೆ. ಲಾರಿಗೆ ಹತ್ತಿಸೋ ಹೊತ್ತಿಗೆ ಹುಡುಗಿ ಓಡಿಬಂದು "ಬಾದಲ್" ಅಂತ ಕರೀತಾಳೆ, ಕುದುರೆ ಆ ಧ್ವನಿ ಕೇಳಿ ಹತ್ತಲ್ಲ ಅಂತ ನಿಂತ್ಬಿಡುತ್ತೆ. ಅಷ್ಟೇ ಕಥೆ. ಭಾನುವಾರ ಬೆಳಿಗ್ಗೆ ಅದನ್ನ ನೋಡಿ ಅಳದ ಮಗು ಇರ್ಲಿಲ್ಲ.

ಡೈರೆಕ್ಟರ್ ದಿನಾ ಪ್ರಫುಲ್ಲಾ ಅಪ್ಪನ ಹೋಟೆಲಲ್ಲಿ ದೋಸೆ ತಿನ್ನೋನು. ಗಲ್ಲಾ ಪಕ್ಕ ಕೂತಿದ್ದ ಹುಡುಗಿ ಮುಖ ಹಿಡಿಸ್ತು. ಮುಖ ಸರಿ, ಉಡುಪಿ ಕಡೆಯಿಂದ ಬಂದು ವರ್ಷ ಆಗಿರ್ಲಿಲ್ಲ, ಹಿಂದಿ ಮಾತಾಡಿದ್ರೆ ಬಾಯಲ್ಲಿ ಬಿಸಿ ತುತ್ತು ಇಟ್ಕೊಂಡ ಹಾಗೆ. ಅದಕ್ಕೆ ಕ್ಲಾಸ್‌ಮೇಟ್ ಸರಳಾನ ಕರ್ಕೊಂಡು ಹೋಗಿ ನಾಲ್ಕು ದಿನ ಕತ್ತಲೆ ರೂಮಲ್ಲಿ ಕೂರಿಸಿ, ಪ್ರಫುಲ್ಲಾ ತುಟಿ ನೋಡ್ಕೊಂಡು ಅಷ್ಟೂ ಮಾತು ಹೇಳಿಸಿದ್ರು. ಹೆಸ್ರು ಹಾಕ್ಲಿಲ್ಲ.

ಅದನ್ನಾದ್ರೂ ಮರೀಬಹುದಿತ್ತು. ಸ್ಕೂಲಲ್ಲಿ ಸರಳಾ ಬಾಯಿ ತಡೀಲಾರದೆ ಅದು ನನ್ನ ಧ್ವನಿ ಅಂದ್ಳು. ಟೀಚರ್ ಪ್ರಫುಲ್ಲಾನ ಕೇಳಿದ್ರು. ಸುಳ್ಳು ಅಂದ್ಬಿಟ್ಳು ಅವಳು, ಕಣ್ಣು ಕೂಡ ಮಿಟುಕಿಸದೆ. ಮಾರನೇ ದಿನ ಪ್ರಾರ್ಥನೆಗೆ ನಿಂತಿದ್ದ ಆರ್ನೂರು ಮಕ್ಕಳ ಮುಂದೆ ಸರಳಾ ಮೈಕಲ್ಲಿ "ನಾನು ಸುಳ್ಳು ಹೇಳಿದೆ" ಅನ್ನಬೇಕಾಯ್ತು. ಅದೇ ಧ್ವನೀಲೇ ಅಂದ್ಳು. ಒಬ್ಬರಿಗೂ ಗುರ್ತು ಸಿಗ್ಲಿಲ್ಲ.

ಈಗ ಜನಕಪುರೀಲಿ ಯಾರ ಮನೆ ಅಟ್ಟದಲ್ಲೋ ಅದರ ಹಳೇ ಕ್ಯಾಸೆಟ್ ಸಿಕ್ಕಿದೆ. ಚಿತ್ರ ಬರುತ್ತೆ, ಧ್ವನಿ ಪೂರ್ತಿ ಹೋಗಿದೆ. ಅಲ್ಲಿನ ಕನ್ನಡದವರ ಕಾರ್ಯಕ್ರಮ ನೋಡ್ಕೊಳ್ಳೋ ನಿರೀಕ್ಷಾ ಅನ್ನೋ ಹುಡುಗಿ, ಭಾನುವಾರ ಆ ಸಿನಿಮಾ ತೋರಿಸ್ತೀವಿ, ಪ್ರಫುಲ್ಲಾ ಆಂಟೀನೇ ಸ್ಟೇಜಲ್ಲಿ ನಿಂತು ಮಾತು ಹೇಳ್ತಾರೆ ಅಂತ ಎಲ್ಲರ ಫೋನಿಗೂ ಕಳಿಸಿಬಿಟ್ಟಿದ್ಳು. ಪ್ರಫುಲ್ಲಾ ಬೀಗರನ್ನೆಲ್ಲ ಕರೆದೂ ಆಗಿತ್ತು.

"ನೀನು ಪರದೆ ಹಿಂದೆ ಕೂತು ಹೇಳು, ನಾನು ಮುಂದೆ ನಿಂತು ಬಾಯಿ ಆಡಿಸ್ತೇನೆ. ನಿಂಗೆ ಎಲ್ಲ ನೆನಪುಂಟಲ್ಲ?"

"ಇದೆ. ನನ್ನ ಹೆಸ್ರು ಹೇಳ್ತೀಯಾ?"

"ಈಗೆಂತಕ್ಕೆ ಅದೆಲ್ಲ? ಸಣ್ಣ ಮಕ್ಕಳ ಹಾಗೆ."

ಅಚ್ಛಾ, ಬರ್ತೀನಿ ಅಂದ್ಳು ಸರಳಾ. ದೊಡ್ಡ ಮನಸ್ಸು ಅವಳದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಪ್ರಫುಲ್ಲಾ ಮಗ ಸುಶಾಂತ್ ಸರಳಾನ ಹಿಂಬಾಗಿಲಿಂದ ತಂದು ಕೂರಿಸಿ ಕೈಗೆ ಮೈಕ್ ಕೊಟ್ಟ. ಪರದೆ ಹಿಂದಿಂದ ಎಲ್ಲ ಎಡಬಲ ಉಲ್ಟಾ ಕಾಣ್ತಿತ್ತು. ತುಟಿಗೇನು ಎಡಬಲ. ಐವತ್ತು ದಾಟಿದ ಹೆಂಗಸಿನ ಗಂಟಲಿಂದ ಹನ್ನೆರಡರ ಹುಡುಗಿ ಎದ್ದು ಬಂದ್ಳು. ಒಂದು ಗಂಟೆ, ಒಂದು ಮಾತು ತಪ್ಪಲಿಲ್ಲ. ಮುಂದೆ ಕಾಂಜೀವರಂ ಉಟ್ಟು, ಸುಮ್ನೆ ಒಂದು ಮೈಕ್ ಹಿಡಿದು ನಿಂತಿದ್ದ ಪ್ರಫುಲ್ಲಾಗೆ ಎರಡು ಸಲ ಚಪ್ಪಾಳೆ ಬಿತ್ತು. ಸರಳಾ ಬೀಳಲಿ ಅಂತಾನೇ ಬಿಟ್ಳು.

ಲಾರಿ ಬಂತು. ಕುದುರೆ ಹಲಗೆ ಮೇಲೆ ಒಂದು ಕಾಲಿಟ್ಟಿತು. ಹುಡುಗಿ ಓಡಿಬಂದು ಬಾಯಿ ತೆಗೆದ್ಳು. ಸರಳಾ ಬಟನ್ ಕೆಳಗೆ ಜಾರಿಸಿ ಮೈಕ್ ಆಫ್ ಮಾಡಿ ತೊಡೆ ಮೇಲಿಟ್ಕೊಂಡ್ಳು.

ಮೈಕ್ ಕೆಟ್ಟಿತು ಅಂದ್ಕೊಂಡು ನಿರೀಕ್ಷಾ ಪಾಪ, ಚಿತ್ರಾನ ಕುದುರೆ ಹಲಗೆ ಮೇಲೆ ಕಾಲಿಟ್ಟ ಕಡೆಗೆ ಹಿಂದಕ್ಕೆ ತಂದು ಅಲ್ಲೇ ನಿಲ್ಲಿಸಿ, ಬೇರೆ ಮೈಕ್ ತಂದು ಪ್ರಫುಲ್ಲಾ ಕೈಗೆ ಕೊಟ್ಟು, ಇದ್ರಲ್ಲಿ ಕರೀರಿ ಆಂಟಿ ಅಂದ್ಳು. ಬೇರೆ ದಾರಿ ಇರ್ಲಿಲ್ಲ. ಪ್ರಫುಲ್ಲಾ ಕರೆದ್ಳು. ದಪ್ಪ ಧ್ವನಿ, ಅದೇ ಬಿಸಿ ತುತ್ತು. ಮುಂದಿನ ಸಾಲಲ್ಲಿ ಒಂದು ಮಗು ಗಟ್ಟಿಯಾಗಿ, "ಮಮ್ಮಾ, ಯೇ ವೋ ವಾಲಿ ಆವಾಜ್ ನಹೀ ಹೈ" ಅಂತು, ಇದು ಆ ಧ್ವನಿ ಅಲ್ಲ ಅಂತ. ಯಾರೋ ನಕ್ಕರು. ಬೀಗರ ಸಾಲಲ್ಲಿ ಯಾರೂ ನಗಲಿಲ್ಲ.

ಸುಶಾಂತ್ ಹಿಂದಕ್ಕೆ ಓಡಿಬಂದ. ಆಂಟಿ, ಪ್ಲೀಸ್, ಮಮ್ಮಿ ಮರ್ಯಾದೆ ಹೋಗ್ತಿದೆ, ಒಂದೇ ಒಂದು ಸಲ ಅಂದ.

"ಅವಳ ಕುದುರೆ ಕಣಪ್ಪ," ಅಂದ್ಳು ಸರಳಾ. "ಅವಳೇ ಕರೀಲಿ."

ಆಮೇಲೆ ಬ್ಯಾಗಿಂದ ಫ್ಲಾಸ್ಕ್ ತೆಗೆದು ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿಕೊಂಡು, ಊದಿ ಊದಿ ಕುಡಿದ್ಳು. ಪರದೆ ಆ ಕಡೆಯಿಂದ ಪ್ರಫುಲ್ಲಾ ಇನ್ನೊಂದು ಸಲ ಕರೆದ್ಳು. ಕುದುರೆ ಒಂದು ಕಾಲು ಹಲಗೆ ಮೇಲಿಟ್ಕೊಂಡು ಹಾಗೇ ನಿಂತಿತ್ತು.