ಓಗೊಡದ ತಿರುವು

“ಇವನಿಗೆ ಇವತ್ತು ನಾನೇ ಸಿಗಬೇಕಿತ್ತಾ?”

ಗೈಡುಗಳ ಕೊಠಡಿಯಲ್ಲಿ ಬೂಟಿನ ದಾರ ಬಿಗಿಯುತ್ತ ಅವಳು ಕೇಳಿದಳು. ಗೋಡೆಗೆ ನೇತುಹಾಕಿದ ಹಗ್ಗಗಳ ಹೊರತು ಕೇಳಿಸಿಕೊಳ್ಳುವವರು ಯಾರೂ ಅಲ್ಲಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದವನನ್ನು ಒಂದು ಕಾಲಕ್ಕೆ ಎಲ್ಲರೂ ಕಂಚುಕಂಠ ಎನ್ನುತ್ತಿದ್ದರು. ಈ ಕಾಡುದಾರಿಯ ಮುಂದಾಳಾಗಿದ್ದವನು. ಈಗ ಮಂಡಿ ಸವೆದಿತ್ತು, ಹೊಟ್ಟೆ ಬಂದಿತ್ತು. ಗುಡ್ಡ ಕುಸಿದು ಬಸ್ಸಿನ ರಸ್ತೆ ಮುಚ್ಚಿದ್ದರಿಂದ, ಕಡಲತೀರದ ಮಗಳ ಮನೆ ಸೇರಲು ಗೈಡು ಬೇಕೆಂದು ಬಂದಿದ್ದ. ಅವನಿಗೆ ಅವಳ ಗುರುತು ಸಿಗಲಿಲ್ಲ. ಅವನು ಹಿಂದೆ ಕಂಡಿದ್ದು ಎರಡು ಜಡೆಯ ಪುಟ್ಟ ಹುಡುಗಿಯನ್ನು.

ದೋಣಿಕಟ್ಟೆಗೆ ಇಳಿಯುವ ಆ ದಾರಿ ಬಲು ಕಡಿದಾದದ್ದು. ತಿರುವು ದಾಟಿದರೆ ಹಿಂದಿನವರು ಮುಂದಿನವರಿಗೆ ಕಾಣುವುದಿಲ್ಲ. ಅದಕ್ಕೇ ಅಲ್ಲೊಂದು ಕಟ್ಟಳೆ: ಪ್ರತಿ ತಿರುವಿನಲ್ಲೂ ಮುಂದಾಳು ನಿಂತು ಕೂಗಬೇಕು, ಸಾಲಿನ ಕೊನೆಯವನು ‘ಓ’ ಎನ್ನಬೇಕು. ಓಗೊಡದಿದ್ದರೆ ಮುಂದಾಳು ಕೆಳಗೆ ಹೆಜ್ಜೆ ಇಡುವಂತಿಲ್ಲ, ಮೇಲಕ್ಕೆ ಹತ್ತಬೇಕು.

ಅವಳ ಅಣ್ಣ ಕಂಚುಕಂಠನ ಸಾಲಿನ ಕೊನೆಯವನಾಗಿದ್ದ. ಒಂದು ಸಂಜೆ ಇಳಿದು ಬಂದವರಲ್ಲಿ ಅವನಿರಲಿಲ್ಲ. ಮರುದಿನ ಒಂದು ತಿರುವಿನ ಬಂಡೆಯ ಬುಡದಲ್ಲಿ ಹೆಣವಾಗಿ ಸಿಕ್ಕ. ಎಲ್ಲ ತಿರುವಿನಲ್ಲೂ ಓಗೊಟ್ಟಿದ್ದ, ಆಮೇಲೆ ಕುಡಿಯಲು ಹಿಂದೆ ಉಳಿದಿರಬೇಕು ಎಂದು ಕಂಚುಕಂಠ ಊರಿಗೆಲ್ಲ ಹೇಳಿದ. ಅಂಥ ಗಂಟಲಿನ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ಹೆಂಡದ ರುಚಿಯನ್ನೇ ಕಾಣದ ಅಣ್ಣ ಕುಡುಕನಾದ, ಅಮ್ಮ ಕುಡುಕನ ತಾಯಿಯಾದಳು.

ಇವತ್ತು ಮೊದಲ ತಿರುವುಗಳಲ್ಲಿ ಅವಳು ಕೂಗಿದಳು, ಅವನು ಓಗೊಟ್ಟ. ನಡುನಡುವೆ, ತನ್ನ ಕಾಲದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕೆಳಗೆ ಮಿಂದು ಉಂಡಾಗಿರುತ್ತಿತ್ತು ಎಂದು ಜಂಬ ಕೊಚ್ಚಿದ. ಅಣ್ಣ ಸಿಕ್ಕಿದ ಬಂಡೆಯ ತಿರುವು ಬಂತು. ಅವಳು ದಾಟಿದಳು, ಬೇರಿನ ಮೇಲೆ ಕೂತಳು. ಕೂಗಲಿಲ್ಲ.

ಸ್ವಲ್ಪ ಹೊತ್ತಿಗೆ ತರಗೆಲೆ ಜಾರಿದ ಸದ್ದು, ಹಿಂದೆಯೇ ಧೊಪ್ಪೆಂದು ಬಿದ್ದ ಸದ್ದು.

“ಏನಮ್ಮಾ, ಕಿವಿಗೆ ಹತ್ತಿ ತುರುಕ್ಕೊಂಡಿದೀಯಾ? ಮಂಡಿ ಉಳುಕಿದೆ, ಬಾ ಇಲ್ಲಿ.”

ಅವಳು ಉಸಿರೆತ್ತಲಿಲ್ಲ. ಬೈಗುಳ ಬೇಡಿಕೆಯಾಯಿತು. ಅಮ್ಮಾ ಹೋಗಿ ತಾಯೀ ಬಂತು, ತಾಯೀ ಹೋಗಿ ದೇವರೇ ಬಂತು. ಕಂಚು ಬಿರಿದು ಬರೀ ಏದುಸಿರು ಉಳಿಯಿತು. ಅವಳು ಕಣ್ಣು ಮುಚ್ಚಿ ಒಂದನ್ನೂ ಬಿಡದೆ ಕೇಳಿದಳು. ಅಣ್ಣನೂ ಹೀಗೇ ಕೂಗಿರಬೇಕು. ಎದ್ದು ಹೋಗಿಬಿಟ್ಟರೆ ಕೇಳುವವರಿಲ್ಲ. ಆದರೆ ಇವನು ಇಲ್ಲೇ ಸತ್ತರೆ ಅಣ್ಣನ ಮಾನವೂ ಇವನ ಬಾಯೊಳಗೇ ಸಾಯುತ್ತದೆ.

ಮೇಲೆ ಹತ್ತಿದಳು. ಅವನು ಬಂಡೆಯನ್ನು ನೋಡಿದ, ಅವಳ ಮುಖವನ್ನು ನೋಡಿದ.

“ನೀನು... ಅವನ ತಂಗಿ.”

“ಅವತ್ತು ಅಣ್ಣ ಇಲ್ಲಿ ಓಗೊಟ್ಟನಾ?”

“ದೋಣಿ ಹೊರಡೋದ್ರಲ್ಲಿತ್ತು, ಜನ ಬೈತಿದ್ರು...”

“ದೋಣಿ ಸುದ್ದಿ ನಾನು ಕೇಳಲಿಲ್ಲ.”

“ಇಲ್ಲ. ಓ ಅನ್ನಲಿಲ್ಲ. ಗೊತ್ತಿದ್ದೂ ಇಳಿದೆ.”

ಈ ಮಾತು ಕೇಳಿದರೆ ಎದೆ ತಣ್ಣಗಾದೀತೆಂದು ಅವಳು ಎಣಿಸಿದ್ದಳು. ಇನ್ನಷ್ಟು ಹೊತ್ತಿ ಉರಿಯಿತು. ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಇಳಿಸಿದಳು, ಇನ್ನೊಬ್ಬರ ಮೂಟೆ ಇಳಿಸುವ ಹಾಗೆ, ಜೋಪಾನವಾಗಿ, ಪ್ರೀತಿಯಿಲ್ಲದೆ. ಇದನ್ನೇ ದೋಣಿಕಟ್ಟೆಯಲ್ಲಿ ಎಲ್ಲರೆದುರು ಹೇಳಬೇಕು, ಆಮೇಲೆ ಅಮ್ಮನೆದುರು ಎಂದಳು. ಅವನು ನರಳುತ್ತಲೇ ಎಲ್ಲಕ್ಕೂ ಹೂಂಗುಟ್ಟಿದ.

ಮರಗಳು ಮುಗಿದು ಮರಳು ಕಂಡಿತು. ಅವನ ಮಗಳು ‘ಅಪ್ಪಾ’ ಎನ್ನುತ್ತ ಕಟ್ಟೆಯಿಂದ ಓಡಿಬರುತ್ತಿದ್ದಳು. ಅವನು ನಿಂತುಬಿಟ್ಟ.

“ನಿನ್ನ ಕಾಲಿಗೆ ಬೀಳ್ತೀನಿ ಕಣಮ್ಮಾ. ಊರಿಗೆಲ್ಲ ಹೇಳ್ತೀನಿ. ನನ್ನ ಮಗಳ ಮುಂದೆ ಮಾತ್ರ ಬೇಡ.”

“ಆಗಲ್ಲ. ಮೊದಲು ಅವಳಿಗೇ ಹೇಳಿ.”